ಜ್ಯಾರೋಪಣ ಮೀಮಾಂಸೆ, ಅಥವಾ ಹೆದೆಯೇರಿಸಿಯೂ ಮೂಗುಳಿಸಿಕೊಳ್ಳುವ ಶಾಸ್ತ್ರ

ಬಿಲ್ಲು ಹಿಡಿದವರನ್ನು ಹೊಗಳಿದ ಕವಿಗಳು ನಮ್ಮಲ್ಲಿ ಅಸಂಖ್ಯಾತರು. ಬಾಣ ಬಿಟ್ಟವರ ಪ್ರತಾಪವನ್ನು ಬಣ್ಣಿಸಿದವರೂ, ಬಾಣ ತಗುಲಿದವರಿಗಾಗಿ ಅತ್ತವರೂ ಅಷ್ಟೇ ಮಂದಿ. ಆದರೆ ಬಾಣವಿನ್ನೂ ಬತ್ತಳಿಕೆಯಲ್ಲಿಯೇ ಇರುವಾಗ, ಒಂದು ಕೊಪ್ಪಿನಿಂದ ಇನ್ನೊಂದು ಕೊಪ್ಪಿಗೆ ಹೆದೆಯನ್ನು ಏರಿಸುವ ಆ ಅರೆಗಳಿಗೆಯಲ್ಲಿ, ಬಿಲ್ಲುಗಾರನ ಮೂಗು, ಗಲ್ಲ, ಮುಂಗೈ, ಮೊಣಕಾಲುಗಳಿಗೆ ಯಾವ ಗತಿಯಾಗುತ್ತದೆಂಬುದನ್ನು ಸಾವಧಾನಚಿತ್ತದಿಂದ ವಿಚಾರಿಸಿದ ಗ್ರಂಥವೊಂದು ನನ್ನ ಕಪಾಟಿನಲ್ಲಿಲ್ಲ. ತನ್ನ ಕಪಾಟಿನಲ್ಲಿಲ್ಲದ ಗ್ರಂಥ ಲೋಕದಲ್ಲಿಯೂ ಇಲ್ಲವೆಂದು ಭಾವಿಸುವುದು ಸಂಶೋಧಕರ ಸಂಪ್ರದಾಯವಾದುದರಿಂದ, ಆ ಕೊರತೆಯನ್ನು ತುಂಬುವ ಹೊಣೆ ನನ್ನದೆಂದು ನಾನು ಬಹುಕಾಲದಿಂದ ನಂಬಿದ್ದೆ; ಕಳೆದ ಸಂಕ್ರಾಂತಿಯ ಮರುದಿನ ಬೆಳಗ್ಗೆ ಬಿಲ್ಲಿನ ಕೆಳಗೊಪ್ಪು ಜಾರಿ ಬಂದು ನನ್ನ ಗಲ್ಲವನ್ನು ಮುಟ್ಟಿದ ಮೇಲೆ ಆ ನಂಬಿಕೆ ಬಾವಿನ ರೂಪದಲ್ಲಿ ದೃಢವಾಯಿತು.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳತಕ್ಕದ್ದು. ಇದಕ್ಕೆ ವಿಷಯ, ಹೆದೆ. ಅಧಿಕಾರಿ, ಮೂಗುಳ್ಳ ಯಾವನಾದರೊಬ್ಬ ಮನುಷ್ಯ. ಪ್ರಯೋಜನ, ಕ್ರಿಯೆ ಮುಗಿದ ಮೇಲೆಯೂ ಆ ಮೂಗು ಇದ್ದಲ್ಲಿಯೇ ಇರುವುದು. ಸಂಬಂಧವೆಂಬ ನಾಲ್ಕನೆಯದು ಮಾತ್ರ ಇಲ್ಲಿ ಇರಕೂಡದು, ಏಕೆಂದರೆ ಮೂಗಿಗೂ ಕೊಪ್ಪಿಗೂ ಸಂಬಂಧವೇರ್ಪಡದಂತೆ ನೋಡಿಕೊಳ್ಳುವುದಕ್ಕಾಗಿಯೇ ಈ ಶಾಸ್ತ್ರ ಹುಟ್ಟಿದೆ.

ಇನ್ನು ದೇಶನಿರ್ಣಯ. ಈ ಶಾಸ್ತ್ರ ಮಂಡ್ಯದ ಸೀಮೆಯಲ್ಲಿಯೇ ಏಕೆ ಹುಟ್ಟಬೇಕಾಗಿತ್ತೆಂದು ಕೇಳುವವರಿಗೆ ಉತ್ತರ ಊರಿನ ಹೆಸರಿನಲ್ಲಿಯೇ ಇದೆ. ಮಂಡ್ಯಕ್ಕೆ ಆ ಹೆಸರು ಮಾಂಡವ್ಯ ಋಷಿಯಿಂದ ಬಂದಿತೆಂಬುದು ಸ್ಥಳಪುರಾಣ. ಆ ಮಾಂಡವ್ಯನು ತಾನು ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿ, ಇದೇಕೆ ಹೀಗೆಂದು ಯಮಧರ್ಮನನ್ನು ಕೇಳಲು, ಬಾಲ್ಯದಲ್ಲಿ ನೀನು ಹುಳುಗಳನ್ನು ಕಡ್ಡಿಯಿಂದ ಚುಚ್ಚಿದೆಯಲ್ಲ ಎಂಬ ಉತ್ತರವನ್ನು ಪಡೆದವನು. ಚೂಪಾದ ವಸ್ತುವನ್ನು ಅಜಾಗರೂಕತೆಯಿಂದ ಆಡಿಸಿದುದರ ಫಲವನ್ನು ಇಷ್ಟು ಪ್ರತ್ಯಕ್ಷವಾಗಿ ಉಂಡ ಮಹಾನುಭಾವನ ಹೆಸರನ್ನು ಹೊತ್ತು 1939ರ ಜುಲೈ 1ರಂದು ಪ್ರತ್ಯೇಕವಾದ ಜಿಲ್ಲೆ, ಸುರಕ್ಷತೆಯ ಶಾಸ್ತ್ರಕ್ಕೆ ತವರಾಗದೆ ಮತ್ತೇನಾದೀತು? ಅದೇ ಜಿಲ್ಲೆಯ ಮೇಲುಕೋಟೆಯಲ್ಲಿ, ಸೀತೆಯ ಬಾಯಾರಿಕೆಯನ್ನು ತಣಿಸಲು ರಾಮನು ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದನೆನ್ನುವ ಸ್ಥಳಕ್ಕೆ ಧನುಷ್ಕೋಟಿಯೆಂದು ಹೆಸರು. ಧನುಷ್ಕೋಟಿಯೆಂದರೆ ಬಿಲ್ಲಿನ ತುದಿ, ಅರ್ಥಾತ್ ನನ್ನ ಗಲ್ಲವನ್ನು ಮುಟ್ಟಿದ ಆ ಭಾಗವೇ.

ಮದ್ದೂರಿನ ವಿಷಯ ಇದಕ್ಕಿಂತಲೂ ಗಹನವಾದದ್ದು. ಅರ್ಜುನಪುರವೆಂಬುದು ಅದರ ಪೌರಾಣಿಕ ನಾಮ. ತೀರ್ಥಯಾತ್ರೆಗೆ ಹೊರಟ ಪಾರ್ಥನು ಶಿಂಷೆಯ ದಂಡೆಯ ಆ ಊರಿಗೆ ಬಂದಿದ್ದನಂತೆ. ಅಲ್ಲಿ ಅವನು ಗಾಂಡೀವಕ್ಕೆ ಹೆದೆಯೇರಿಸಿದನೋ ಇಲ್ಲವೋ ಎಂಬುದನ್ನು ಪುರಾಣ ಹೇಳದು. ಆದರೆ ಅದೇ ಊರಿನ ವರದರಾಜಸ್ವಾಮಿಗೆ ನೇತ್ರನಾರಾಯಣನೆಂಬ ಹೆಸರಿದ್ದು, ಕಣ್ಣಿನ ವ್ಯಥೆಯುಳ್ಳವರು ಆತನಿಗೆ ಹರಕೆ ಹೊರುವುದನ್ನು ನೋಡಿದರೆ, ಏರಿಸಿಯೇ ಇದ್ದನೆಂದೂ, ಹತ್ತಿರ ನಿಂತು ನೋಡುತ್ತಿದ್ದವರಲ್ಲಿ ಕೆಲವರಿಗೆ ತಗುಲಿತೆಂದೂ ಊಹಿಸಲು ಹೇರಳವಾದ ಅವಕಾಶವಿದೆ. (ಇದಕ್ಕಿಂತ ಕೃಶವಾದ ಪ್ರಮಾಣಗಳ ಮೇಲೆ ಡಾಕ್ಟರೇಟು ಪಡೆದವರನ್ನು ನಾನು ಬಲ್ಲೆ.) ಮದ್ದಿನ ಊರಾದುದರಿಂದ ಮದ್ದೂರಾಯಿತೆಂದು ಹೇಳುವವರೂ ಉಂಟು, ಹಾಗಿದ್ದರೆ ಬಿಲ್ಲನ್ನು ಸಿಡಿಮದ್ದು ನುಂಗಿದ ಇತಿಹಾಸವೆಲ್ಲ ಆ ಒಂದೂರಿನ ಎರಡು ಹೆಸರುಗಳಲ್ಲಿಯೇ ಅಡಗಿದೆಯೆನ್ನಬೇಕು. ಮಳವಳ್ಳಿಯ ಬಯಲಿನಲ್ಲಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಎದುರುಬದುರಾದಾಗ ಸದ್ದು ಮಾಡಿದ್ದು ಫಿರಂಗಿ ಕೋವಿಗಳು. ಹೆದೆಯ ಟಂಕಾರಕ್ಕೆ ಅಲ್ಲಿ ಕೆಲಸವಿರಲಿಲ್ಲ. ಆದುದರಿಂದ ಮಳವಳ್ಳಿಯನ್ನು ಈ ಪ್ರಬಂಧದಲ್ಲಿ ಇಷ್ಟಕ್ಕೇ ಬಿಡಲಾಗಿದೆ. ಆ ಊರಿನವರು ಕ್ಷಮಿಸಬೇಕು.

ಶಬ್ದವಿಚಾರಕ್ಕೆ ಬರೋಣ. ಬಿಲ್ಲಿನ ಪರಿಭಾಷೆಯಷ್ಟು ಸಂಭಾವಿತವಾದ ಪರಿಭಾಷೆ ಮತ್ತೊಂದಿಲ್ಲ: ಹೆದೆಗೆ ಗುಣವೆಂದು ಹೆಸರು, ಬಿದಿರಿಗೆ ವಂಶವೆಂದು ಹೆಸರು, ತುದಿಗೆ ಕೋಟಿಯೆಂದು ಹೆಸರು, ಆದಕಾರಣ ಸದ್ವಂಶದಲ್ಲಿ ಹುಟ್ಟಿ, ಗುಣವನ್ನು ಹೊಂದಿ, ಎರಡು ಕೋಟಿಗಳಿಗೆ ಒಡೆಯನಾಗಿಯೂ ಬಾಗಿಯೇ ಇರುವುದು ಪ್ರಪಂಚದಲ್ಲಿ ಬಿಲ್ಲೊಂದೇ. ಆದರೆ ಮಂಡ್ಯದಲ್ಲಿ ‘ಕಬ್ಬಿನ ಬಿಲ್ಲು’ ಎಂಬ ಪ್ರಯೋಗಕ್ಕೆ ಎರಡು ಅರ್ಥಗಳಿರುವುದನ್ನು ನಿಘಂಟುಕಾರರು ಗಮನಿಸಿದಂತಿಲ್ಲ. ಕವಿಗಳ ಪಾಲಿಗೆ ಅದು ಮನ್ಮಥನ ಆಯುಧ. ದುಂಬಿಗಳ ಸಾಲು ಅದರ ಹೆದೆ, ಐದು ಹೂಗಳು ಅದರ ಬಾಣ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬು ಹಾಕಿದ ರೈತನ ಪಾಲಿಗೆ ಅದು ಅರೆಯಲು ಕಳಿಸಿದ ಕಬ್ಬಿಗೆ ಬರಬೇಕಾದ ಹಣ. ಎರಡೂ ನಿದ್ರೆ ಕೆಡಿಸುತ್ತವೆ. ಮೊದಲನೆಯದು ತಗುಲಿದಾಗ, ಎರಡನೆಯದು ಬಾರದಿದ್ದಾಗ. ಶಾಸ್ತ್ರಕಾರನು ಪ್ರತ್ಯಕ್ಷ ಪ್ರಮಾಣವನ್ನು ಬಿಡಬಾರದೆಂದು ನಾನೂ ಒಂದು ದಪ್ಪ ಕಬ್ಬಿನ ಜಲ್ಲೆಗೆ ಹುರಿ ಕಟ್ಟಿ ಬಗ್ಗಿಸಿ ನೋಡಿದೆ. ಮೂರನೆಯ ಗೆಣ್ಣಿನಲ್ಲಿ ಅದು ಫಟ್ಟೆಂದು ಮುರಿದು, ಒಂದು ತುಂಡು ಕೊಟ್ಟಿಗೆಯ ಸೂರಿಗೂ ಇನ್ನೊಂದು ಮೊಮ್ಮಕ್ಕಳ ಬಾಯಿಗೂ ಹೋಯಿತು. ಶಿವನು ಮನ್ಮಥನನ್ನು ಸುಟ್ಟು ಅನಂಗನನ್ನಾಗಿ ಮಾಡಿದ್ದರ ಹಿಂದಿನ ಕಾರುಣ್ಯ ನನಗೆ ಅಂದು ಹೊಳೆಯಿತು: ಅಂಥ ಬಿಲ್ಲನ್ನು ದಿನವೂ ಬಗ್ಗಿಸತಕ್ಕವನಿಗೆ ಗಲ್ಲವಿಲ್ಲದಿರುವುದೇ ಕ್ಷೇಮ.

ಪೂರ್ವಾಚಾರ್ಯರ ಅಪಘಾತಗಳನ್ನು ಪರಾಮರ್ಶಿಸದೆ ಸಿದ್ಧಾಂತವನ್ನು ಹೇಳುವಂತಿಲ್ಲ. ಇವುಗಳಲ್ಲಿ ಅಗ್ರಗಣ್ಯವಾದದ್ದು ಸಾಕ್ಷಾತ್ ಮಹಾವಿಷ್ಣುವಿನದು. ಯುದ್ಧದಿಂದ ಬಳಲಿದ ದೇವನು ಹೆದೆಯಿಳಿಸದ ಬಿಲ್ಲಿನ ತುದಿಗೆ ತಲೆಯಾನಿಸಿ ನಿದ್ರಿಸುತ್ತಿರಲು, ಗೆದ್ದಲುಗಳು ಹೆದೆಯನ್ನು ಕಡಿದುಹಾಕಿದುವು; ಬಾಗಿದ್ದ ಬಿಲ್ಲು ಸೆಟೆದೆದ್ದು ತಲೆಯೇ ಹಾರಿಹೋಯಿತು; ಕುದುರೆಯ ತಲೆಯನ್ನು ಜೋಡಿಸಿದ ಮೇಲೆ ಹಯಗ್ರೀವನಾದನೆಂದು ದೇವೀ ಭಾಗವತ ಹೇಳುತ್ತದೆ. ಕೆಲಸ ಮುಗಿದೊಡನೆ ಹೆದೆಯನ್ನು ಇಳಿಸತಕ್ಕದ್ದೆಂಬ ನಿಯಮಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಯಾರಿಗೆ ಬೇಕು? ದ್ರೌಪದಿಯ ಸ್ವಯಂವರದಲ್ಲಿ ಹೆದೆಯೇರಿಸಹೋದ ರಾಜರನ್ನು ಬಿಲ್ಲೇ ಎತ್ತಿ ಒಗೆಯಿತು. ಕಿರೀಟಗಳು ಉರುಳಿದುವು, ಹಾರಗಳು ಹರಿದುವು. ವ್ಯಾಸರು ಇದನ್ನು ಶೌರ್ಯದ ಕೊರತೆಯೆಂದು ತಿಳಿದರು, ನಾನಾದರೋ ಕಾಲಿಡುವ ಕ್ರಮದ ತಪ್ಪೆಂದು ತಿಳಿಯುತ್ತೇನೆ. ಮಿಥಿಲೆಯಲ್ಲಿ ಎಂಟು ಚಕ್ರದ ಪೆಟ್ಟಿಗೆಯಲ್ಲಿಟ್ಟು ಐದು ಸಾವಿರ ಜನ ಎಳೆದು ತಂದ ಶಿವಧನುಸ್ಸು, ಹೆದೆಯೇರಿಸಿ ಸೆಳೆದೊಡನೆ ನಡುವೆ ಮುರಿದು, ವಿಶ್ವಾಮಿತ್ರ, ಜನಕ, ರಾಮಲಕ್ಷ್ಮಣರ ಹೊರತು ನೆರೆದವರೆಲ್ಲ ಮೂರ್ಛೆ ಬಿದ್ದರಷ್ಟೆ. ಭಕ್ತರು ಇದನ್ನು ಪರಾಕ್ರಮವೆನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೂ ತಲೆತಲಾಂತರದಿಂದ ಪೆಟ್ಟಿಗೆಯಲ್ಲಿ ಒಣಗಿದ್ದ ಬಿಲ್ಲನ್ನು ಮೊದಲ ಸೆಳೆತದಲ್ಲಿಯೇ ಪೂರ್ತಿಯಾಗಿ ಎಳೆಯಬಾರದೆಂಬ ಮಾತನ್ನು ಯಾರಾದರೂ ಆಡಲೇಬೇಕಲ್ಲವೆ? ಯವನರ ಕವಿ ಹೋಮರನ ಕಥೆಯಲ್ಲಿ ಪೆನೆಲೋಪೆಯನ್ನು ವರಿಸಬಂದವರು ಒಡಿಸ್ಯೂಸನ ಬಿಲ್ಲನ್ನು ಬೆಂಕಿಗೆ ಕಾಸಿ, ಕೊಬ್ಬು ಸವರಿ, ಏನು ಮಾಡಿದರೂ ಹೆದೆಯೇರಿಸಲಾರದೆ ಹೋದರು. ಒಡೆಯನು ಬಂದು, ಕುಳಿತಲ್ಲಿಂದ ಏಳದೆ, ವೀಣೆಗೆ ತಂತಿ ಬಿಗಿದಷ್ಟು ಸುಲಭವಾಗಿ ಏರಿಸಿದನು. ಹಂದಿಯೊಡನೆ ಕಾದಿ ಮಡಿದ ಕಾಳಿಯೆಂಬ ನಾಯಿಗೆ 949ರಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಮ್ಮ ಮದ್ದೂರು ಸೀಮೆಯಲ್ಲಿ, ಹೆದೆಯೇರಿಸುತ್ತ ಹಲ್ಲು ಕಳೆದುಕೊಂಡವನಿಗೊಂದು ಕಲ್ಲನ್ನು ನಾನು ಕಂಡಿಲ್ಲ.

ದ್ರವ್ಯವಿಚಾರವನ್ನು ಕೌಟಿಲ್ಯನು ಮುಗಿಸಿಟ್ಟಿದ್ದಾನೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಪ್ರಕಾರ ಬಿಲ್ಲು ತಾಳೆಯದು, ಬಿದಿರಿನದು, ಮರದ್ದು, ಕೊಂಬಿನದು ಎಂದು ನಾಲ್ಕು ಬಗೆ. ಹೆದೆಗಾದರೋ ಮೂರ್ವೆ, ಎಕ್ಕ, ಸೆಣಬು, ಬಿದಿರು, ನರ ಮೊದಲಾದವು. ಇವುಗಳಲ್ಲಿ ಕೊಂಬಿನ ಬಿಲ್ಲೇ ಶಾರ್ಙ್ಗ. ಪ್ರಸ್ತುತ ವಿಚಾರಕ್ಕೆ ವಸ್ತುವಾದ, ಈಗಿನವರು ರಿಕರ್ವ್ ಎನ್ನುವ ಬಿಲ್ಲಿನ ಆಕಾರವನ್ನು ತಿಳಿಯಬೇಕಾದರೆ ಹಳ್ಳಿಕಾರ್ ಎತ್ತಿನ ಕೊಂಬನ್ನು ನೋಡತಕ್ಕದ್ದು: ನೆತ್ತಿಯಿಂದ ಹೊರಟು ಹಿಂದಕ್ಕೆ ವಾಲಿ, ಮತ್ತೇನನ್ನೋ ನೆನೆಸಿಕೊಂಡಂತೆ ತುದಿಯಲ್ಲಿ ಮುಂದಕ್ಕೆ ತಿರುಗುತ್ತದೆ. ಹಾಗೆಯೇ ಈ ಬಿಲ್ಲಿನ ತುದಿಗಳು ಬಿಲ್ಲುಗಾರನಿಗೆ ವಿಮುಖವಾಗಿ, ಗುರಿಯ ಕಡೆಗೆ ಮುಖ ಮಾಡಿರುತ್ತವೆ. ಹೆದೆಯಿಳಿಸಿದಾಗ ಇಡೀ ಬಿಲ್ಲೇ ಮುನಿಸಿಕೊಂಡು ತಿರುಗಿ ಕುಳಿತಂತೆ ಕಾಣುತ್ತದೆ. ಅದನ್ನು ಅದರ ಮುನಿಸಿಗೆ ಎದುರಾಗಿ ಬಗ್ಗಿಸಬೇಕು. ಅಪಾಯವೆಲ್ಲ ಈ ಒಂದು ವಾಕ್ಯದಲ್ಲಿದೆ.

ನನ್ನ ಸೋದರಳಿಯನು ಬೆಂಗಳೂರಿನಿಂದ ಅಂಥದೊಂದನ್ನು ತಂದು, ಮರದ ಪಟ್ಟಿಗಳಿಗೆ ಗಾಜಿನ ನಾರಿನ ಪದರ ಅಂಟಿಸಿದ್ದು, ಮೂವತ್ತೈದು ಪೌಂಡಿನ ಸೆಳೆತದ್ದು ಎಂದು ವಿವರಿಸಿ, “ಮಾವ, ದಯವಿಟ್ಟು ಇದನ್ನು ಮುಟ್ಟಬೇಡಿ” ಎಂದು ಹೇಳಿ ಮದ್ದೂರಿಗೆ ಬೀಗರ ಮನೆಯ ಊಟಕ್ಕೆ ಹೋದನು. ಸಂಶೋಧನೆಗೆ ಇದಕ್ಕಿಂತ ಸ್ಪಷ್ಟವಾದ ಆಹ್ವಾನವಿಲ್ಲ. ನಾನು ಬಿಲ್ಲನ್ನು ಹಿತ್ತಿಲಿಗೆ ಒಯ್ದು, ಅದು ಯಾವ ಕಡೆಗೆ ಬಾಗಿತ್ತೋ ಆ ಕಡೆಗೇ ಇನ್ನಷ್ಟು ಬಗ್ಗಿಸಿ ಹೆದೆ ಕಟ್ಟಹೊರಟೆ, ಬೇಲಿಯಾಚೆ ಹಸುವಿಗೆ ಹುಲ್ಲು ಹಾಕುತ್ತಿದ್ದ ನೆರೆಯ ಗೌಡರು, “ಎತ್ತಿನ ಕೊಂಬು ಹಿಂದಕ್ಕೋಗವೆ ಅಂತ ಬಾಲಕ್ಕೆ ನೊಗ ಕಟ್ಟೀರಾ ಮೇಷ್ಟ್ರೆ?” ಎಂದರು. ಹಿಂದುಮುಂದಾಗಿ ಹೆದೆಯೇರಿಸಿದರೆ ಈ ಜಾತಿಯ ಬಿಲ್ಲಿನ ತೋಳು ಸೀಳುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಬಿಲ್ಲನ್ನು ತಿರುಗಿಸಿಕೊಂಡು, ಹೆದೆಗೂ ಬಿಲ್ಲಿಗೂ ನಡುವೆ ಒಂದು ಕಾಲನ್ನು ತೂರಿಸಿ, ಕೆಳಗೊಪ್ಪನ್ನು ಇನ್ನೊಂದು ಪಾದದ ಕೀಲಿಗೆ ಸಿಕ್ಕಿಸಿ, ತೊಡೆಗೆ ಒತ್ತುಕೊಟ್ಟು ಬಗ್ಗಿಸುವ ಪ್ರಸಿದ್ಧ ಕ್ರಮವನ್ನು ಅನುಸರಿಸಿದೆ. ಈ ಕ್ರಮದಲ್ಲಿ ಬಲ ಓರೆಯಾಗಿ ಬಿದ್ದರೆ ತೋಳು ತಿರುಚಿಕೊಳ್ಳುತ್ತದೆಂಬುದು ಒಂದು ದೋಷ. ಪಂಚೆಯುಟ್ಟವರಿಗೆ ಇದು ವಿಹಿತವಲ್ಲವೆಂಬುದು, ನಾನು ತಿಳಿದ ಮಟ್ಟಿಗೆ, ನನ್ನಿಂದಲೇ ಮೊದಲು ಸ್ಥಾಪಿತವಾದ ಇನ್ನೊಂದು ದೋಷ. ಪಂಚೆ ಕೊಪ್ಪಿಗೆ ಸಿಕ್ಕಿತು, ಕೊಪ್ಪು ಕಾಲಿನಿಂದ ಜಾರಿತು, ಕನ್ನಡಕ ತುಳಸಿಕಟ್ಟೆಯ ಮೇಲೆ ಹೋಗಿ ಕುಳಿತಿತು. ಗಲ್ಲದ ವಿಷಯ ಹಿಂದೆಯೇ ಹೇಳಿದ್ದೇನೆ. ಒಳಗಿನಿಂದ ಓಡಿಬಂದ ನನ್ನಾಕೆ, “ರೀ, ಹಲ್ಲೆಲ್ಲ ಇದೆಯೇನ್ರೀ?” ಎಂದು ಕೇಳಿದಳು, ಎಣಿಸಿ ನೋಡಿದೆ, ಇದ್ದುವು.

ಸಿದ್ಧಾಂತವು ಗೌಡರದು. ಅವರು ಬೇಲಿ ದಾಟಿ ಬಂದು, “ಬುಡಿ ಅತ್ಲಾಗೆ, ಕೊಡಿ ಇಲ್ಲಿ,” ಎಂದು ಬಿಲ್ಲನ್ನು ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಹಸುವಿನ ಕಣ್ಣಿಯನ್ನು ಬಿಚ್ಚಿ, ಒಂದು ಹಳೆಯ ಮೆಟ್ಟಿನ ಚರ್ಮದಲ್ಲಿ ಎರಡು ಪುಟ್ಟ ಟೋಪಿಗಳನ್ನು ಹೊಲಿದು ಹಗ್ಗದ ಎರಡು ತುದಿಗಳಿಗೆ ಬಿಗಿದರು. ಹೆದೆಯ ಸಣ್ಣ ಕುಣಿಕೆಯನ್ನು ಕೆಳಗೊಪ್ಪಿನ ಕಚ್ಚಿಗೆ ಕೂರಿಸಿ, ದೊಡ್ಡ ಕುಣಿಕೆಯನ್ನು ಮೇಲ್ದೋಳಿನ ಮೇಲೆ ಸಡಿಲವಾಗಿ ಇಳಿಬಿಟ್ಟು, ಎರಡು ಕೊಪ್ಪುಗಳಿಗೂ ಟೋಪಿ ತೊಡಿಸಿದರು. ಮೇಲಿನ ಟೋಪಿ ಕಚ್ಚನ್ನು ಮುಚ್ಚದಂತೆ ನೋಡಿಕೊಂಡರು. ಬಿಲ್ಲನ್ನು ಸೊಂಟದ ಮಟ್ಟದಲ್ಲಿ ನೆಲಕ್ಕೆ ಅಡ್ಡಲಾಗಿ ಹಿಡಿದು, ಕೆಳಗೆ ಜೋತಾಡುವ ಹಗ್ಗದ ನಡುವನ್ನು ಎರಡು ಪಾದಗಳಿಂದಲೂ ಮೆಟ್ಟಿ, ಮುಖವನ್ನು ಬಿಲ್ಲಿನ ನೇರದಿಂದ ಪಕ್ಕಕ್ಕೆ ತಿರುಗಿಸಿ, ಹಿಡಿಯನ್ನು ನೆಟ್ಟಗೆ ಮೇಲಕ್ಕೆತ್ತಿದರು. ಎರಡು ತೋಳುಗಳೂ ಒಂದೇ ಸಮನಾಗಿ ಬಾಗಿದುವು. ಅವರ ಇನ್ನೊಂದು ಕೈ ಕುಣಿಕೆಯನ್ನು ಜಾರಿಸಿ ಕಚ್ಚಿಗೆ ಸೇರಿಸಿತು. ಮೆಲ್ಲಗೆ ಇಳಿಸಿ, ಕುಣಿಕೆಗಳೆರಡೂ ಕಚ್ಚಿನಲ್ಲಿ ಭದ್ರವಾಗಿವೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಹೆದೆ ತೋಳಿನ ನಟ್ಟನಡುವೆ ಹಾದಿದೆಯೋ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು. ಇದೆಲ್ಲಕ್ಕೂ ಹಿಡಿದ ಕಾಲ, ಒಂದು ಎಲೆಯಡಿಕೆ ಮಡಿಸುವಷ್ಟು.

ಅಳತೆಯ ಭಾಗ ಮಾತ್ರ ನನ್ನ ಸ್ವಂತ ಕೊಡುಗೆ. ಹಿಡಿಯ ಮೇಲೆ ಮುಷ್ಟಿಯನ್ನಿಟ್ಟು ಹೆಬ್ಬೆರಳನ್ನು ನೆಟ್ಟಗೆ ಎತ್ತಿದರೆ ಅದರ ತುದಿ ಹೆದೆಯನ್ನು ಸ್ಥೂಲವಾಗಿ ಮುಟ್ಟಬೇಕು. ಹೆದೆ ಅದಕ್ಕಿಂತ ಹತ್ತಿರವಿದ್ದರೆ ಕುಣಿಕೆಯನ್ನು ತೆಗೆದು ಹುರಿಯನ್ನು ಇನ್ನೂ ನಾಲ್ಕು ಸುತ್ತು ಹೊಸೆಯಬೇಕು. ಗುರುದಕ್ಷಿಣೆಯ ಅನಂತರ ಏಕಲವ್ಯನು ಇದನ್ನು ಹೇಗೆ ಅಳೆಯುತ್ತಿದ್ದನೆಂಬ ಪ್ರಶ್ನೆಯನ್ನು ವ್ಯಾಖ್ಯಾನಕಾರರಿಗೆ ಬಿಡುತ್ತೇನೆ. ಬಾಣವಿಡದೆ ಬರಿ ಹೆದೆಯನ್ನು ಎಳೆದು ಬಿಡಕೂಡದು, ಬಾಣದ ಪಾಲಿನ ಬಲವನ್ನು ಆಗ ಬಿಲ್ಲಿನ ತೋಳುಗಳೇ ಉಣ್ಣಬೇಕಾಗುತ್ತದೆ. ಇಳಿಸುವಾಗಲೂ ಇದೇ ಹಗ್ಗ, ಇದೇ ಕ್ರಮ.

ಮಹಾವಿಷ್ಣುವಿನಿಂದ ಮೊದಲ್ಗೊಂಡು ಪಾಂಚಾಲದ ರಾಜಸಭೆಯವರೆಗೆ ನಡೆದ ಅನರ್ಥಪರಂಪರೆಯನ್ನು ನಾನು ಗೌಡರಿಗೆ ಸವಿಸ್ತಾರವಾಗಿ ನಿರೂಪಿಸಿದೆ. ಅವರು ಹಸುವಿನ ಬೆನ್ನು ಸವರುತ್ತ ಎಲ್ಲವನ್ನೂ ಕೇಳಿ, “ಯಾಕೆ ಮೇಷ್ಟ್ರೆ, ಆ ಕಾಲ್ದಲ್ಲಿ ಹಗ್ಗ ಇರ್ಲಿಲ್ವಾ?” ಎಂದು ಕೇಳಿದರು. ಸಮುದ್ರಮಥನಕ್ಕೆ ವಾಸುಕಿಯನ್ನೇ ಹಗ್ಗ ಮಾಡಿಕೊಂಡವರು ಬಿಲ್ಲಿನ ಕೆಲಸಕ್ಕೆ ಒಂದು ಮೊಳ ಹುರಿಯನ್ನು ಏಕೆ ಹುಡುಕಲಿಲ್ಲವೆಂಬುದಕ್ಕೆ ನಾನು ಈಗಲೂ ಗ್ರಂಥಗಳನ್ನು ತಿರುವಿಹಾಕುತ್ತಿದ್ದೇನೆ.

ಬಾಣಪ್ರಯೋಗವನ್ನು ಕುರಿತ ದ್ವಿತೀಯ ಭಾಗವನ್ನು ಎದುರುನೋಡುತ್ತಿರುವ ವಾಚಕಮಹಾಶಯರು ಸ್ವಲ್ಪ ತಾಳ್ಮೆ ವಹಿಸಬೇಕು. ಬಿಲ್ಲು ಹೆದೆಯಿಳಿಸಿಕೊಂಡು ಅಟ್ಟದ ಮೇಲಿದೆ. ಹಸು ಕಟ್ಟಬೇಕೆಂದು ಗೌಡರು ಕಣ್ಣಿಯನ್ನು ವಾಪಸು ತೆಗೆದುಕೊಂಡು ಹೋಗಿದ್ದಾರೆ.