ಗೀರು, ಪುಟ್ಟಿ, ಅಯಸ್ಕಾಂತ

ಕಾರಿನ ಬಣ್ಣ ಎಂದು ಕಣ್ಣಿಗೆ ಕಾಣುವುದು ನಾಲ್ಕು ಪದರಗಳ ಲೇಪ. ತಗಡಿಗೆ ಅಂಟಿದ ತುಕ್ಕುನಿರೋಧಕ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್. ನಾಲ್ಕೂ ಕೂಡಿದರೆ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಕಾರು ಕೊಂಡವನ ಮಾನ ಮರ್ಯಾದೆ ಪೂರ್ತಿ ಇಷ್ಟರ ಮೇಲೆ ನಿಂತಿರುತ್ತದೆ.

ರಾಯಚೂರು ಸೀಮೆಯಲ್ಲಿ ಈ ಪದರವನ್ನು ಗೀರುವ ಕೆಲಸ ಮುಖ್ಯವಾಗಿ ಬಳ್ಳಾರಿ ಜಾಲಿಯದು. ಕಲ್ಮಲದಿಂದ ದೇವದುರ್ಗದ ಕಡೆಗಾಗಲಿ ಮಾನ್ವಿಯ ಕಡೆಗಾಗಲಿ ಒಳಹಳ್ಳಿಯ ದಾರಿ ಹಿಡಿದರೆ ಎರಡೂ ಬದಿಗೆ ಜಾಲಿ, ನಡುವೆ ಒಂದೇ ಗಾಡಿ ಹಿಡಿಸುವ ಡಾಂಬರು. ಎದುರಿಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಬಂದಾಗ ದಾರಿ ಬಿಡಬೇಕಾದವರು ಯಾರು ಎಂಬ ವಿಷಯದಲ್ಲಿ ಟ್ರ್ಯಾಕ್ಟರಿನವರಿಗೆ ಎಂದೂ ಅನುಮಾನ ಹುಟ್ಟಿದ್ದಿಲ್ಲ. ಕಾರು ಜಾಲಿಗೆ ಮೈ ಕೊಡುತ್ತದೆ. (ರಾಯಚೂರು ಕೋಟೆಯ 41 ಅಡಿ ಉದ್ದದ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನು 1294ರ ಶಾಸನದ ಜೊತೆಯಲ್ಲೇ ಕೆತ್ತಿಸಿದ್ದಾರೆ. ಬಂಡಿಗೆ ಗೀರು ಬಿತ್ತೆಂಬ ದೂರು ಅಲ್ಲಿಲ್ಲ.)

ಗೀರಿನ ಆಳ ತಿಳಿಯಲು ಉಗುರು ಸಾಕು. ಉಗುರು ಜಾರಿ ಹೋದರೆ ಕೆಟ್ಟಿರುವುದು ಮೇಲಿನ ಹೊಳಪು ಮಾತ್ರ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಬಣ್ಣದ ಕೆಲಸ ತಪ್ಪಿದ್ದಲ್ಲ. ತಗಡು ಇಣುಕಿದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ. ಈ ಹಂತದಲ್ಲಿ ಬೀಗರು, ಭಾವಮೈದುನರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎಲ್ಲರೂ ಸಲಹೆ ಕೊಡುತ್ತಾರೆ: ಉಗುರಿನ ಬಣ್ಣ ಹಚ್ಚಿರಿ, ಟೂತ್‌ಪೇಸ್ಟ್ ತಿಕ್ಕಿರಿ, ದೇವರ ಸ್ಟಿಕರ್ ಅಂಟಿಸಿರಿ. ಹೀಗೆ ಹೇಳುವವರಲ್ಲಿ ಕಾರು ಇದ್ದವರು ಕಡಿಮೆ.

ಬಣ್ಣ ಹೊಡೆಯುವ ಅಂಗಡಿಗಳು ಎರಡು ಬಗೆ. ನಗರದ ಕಂಪನಿ ವರ್ಕ್‌ಶಾಪಿನಲ್ಲಿ ಧೂಳು ಸೋಸುವ ಬೂತ್ ಇರುತ್ತದೆ. ಬಣ್ಣ ಹೊಡೆದ ಮೇಲೆ ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ರಸ್ತೆ ಬದಿಯ ಶೆಡ್ಡಿನಲ್ಲಿ ಬೇವಿನ ಮರ, ಕಂಪ್ರೆಸರ್, ಬಣ್ಣ ಸಿಂಪಡಿಸುವ ಗನ್ ಇರುತ್ತವೆ. ಕಾಯಿಸುವ ಕೆಲಸಕ್ಕೆ ರಾಯಚೂರಿನ ಮೇ ತಿಂಗಳು ಯಾವ ಬೂತಿಗೂ ಕಡಿಮೆಯಲ್ಲ, ಆದರೆ ಆಕಾಶಕ್ಕೆ ಫಿಲ್ಟರ್ ಹಾಕುವವರಿಲ್ಲ. ಹಸಿ ಬಣ್ಣಕ್ಕೆ ಹತ್ತಿಯ ಎಳೆ, ನೊಣ, ಬೇವಿನ ಹೂ ಎಲ್ಲ ಅಂಟುತ್ತವೆ. ಖರ್ಚು ವಿಮೆಯವರ ಮೇಲೆ ಹಾಕುವ ಆಸೆ ಸಹಜ. ಆದರೆ ಐದು ವರ್ಷ ಕ್ಲೇಮ್ ಮಾಡದವರಿಗೆ ಸಿಗುವ ಶೇ 50ರ ನೋ ಕ್ಲೇಮ್ ಬೋನಸ್ ಒಂದು ಜಾಲಿ ಮುಳ್ಳಿಗೆ ಕರಗಿ ಹೋಗುತ್ತದೆ.

ಶೆಡ್ಡುಗಳ ಫಲಕದ ಮೇಲೆ ಇಂದಿಗೂ ‘ಡ್ಯೂಕೋ ಪೇಂಟಿಂಗ್’ ಎಂದೇ ಇರುತ್ತದೆ. ಡ್ಯೂಕೋ ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಬಣ್ಣ. ಅದಕ್ಕೆ ಮುಂಚೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಡ್ಯೂಕೋ ಅದನ್ನು ಗಂಟೆಗಳಿಗೆ ಇಳಿಸಿತು. ಮೇಸ್ತ್ರಿಗಳು ಹೆಸರನ್ನು ಹೊಸದರಿಂದ ತೆಗೆದುಕೊಂಡು ವಾಯಿದೆಯನ್ನು ಹಳೆಯದರಿಂದ ಉಳಿಸಿಕೊಂಡಿದ್ದಾರೆ.

ಮೇಸ್ತ್ರಿಯ ಕೈಗುಣ ತಿಳಿಯಲು ಪರೀಕ್ಷೆಗಳಿವೆ. ಕೆಲಸ ಮುಗಿದ ಒಂದು ಕಾರನ್ನು ಬಿಸಿಲಿನಲ್ಲಿ ಓರೆಯಾಗಿ ನೋಡಬೇಕು. ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಮುಂದಿನ ಶೆಡ್ಡಿಗೆ ನಡೆಯುವುದು. ಕಿಟಕಿಯ ರಬ್ಬರಿಗೂ ಬಣ್ಣ ಸಿಡಿದಿದ್ದರೆ ಮಾಸ್ಕಿಂಗ್ ಸರಿಯಿಲ್ಲ. ಬಣ್ಣದ ಕೋಡ್ ಯಾವುದೆಂದು ಕೇಳದೆ ‘ಸಿಲ್ವರ್ ಅಲ್ಲೇನ್ರಿ’ ಎನ್ನುವವರನ್ನು ನಂಬುವುದು ಕಷ್ಟ. ಸಿಲ್ವರಿನೊಳಗಿನ ಲೋಹದ ಹುಡಿ ಗನ್ನಿನ ದೂರ, ಒತ್ತಡ ಬದಲಾದಂತೆ ಬೇರೆ ಬೇರೆಯಾಗಿ ಕೂರುತ್ತದೆ. ಒಂದೇ ಡಬ್ಬಿಯ ಬಣ್ಣ ಎರಡು ಬಾಗಿಲಿಗೆ ಎರಡು ಬಣ್ಣವಾಗಿ ಕಾಣುತ್ತದೆ.

ಕೊನೆಯದು ಅಯಸ್ಕಾಂತ ಪರೀಕ್ಷೆ. ತಗ್ಗನ್ನು ಬಡಿದು ಸಮ ಮಾಡದೆ ದಪ್ಪ ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಶಾಸ್ತ್ರ ಸರಿಯಾದದ್ದೇ. ಇದನ್ನು ಪ್ರಯೋಗಿಸಿದ ಒಬ್ಬ ಮಾಲೀಕರ ಪ್ರಕರಣ ವಿವರವಾಗಿ ತಿಳಿದಿದೆ. ಅವರು ಪ್ರಬಂಧ ಬರೆಯುವ ಚಟದವರು, ಹೆಸರು ಇಲ್ಲಿ ಬೇಕಿಲ್ಲ. ಹಳೆಯ ಸ್ಪೀಕರ್ ಒಡೆದು ಅಂಗೈ ಅಗಲದ ಅಯಸ್ಕಾಂತ ತೆಗೆದು, ಬಣ್ಣಕ್ಕೆ ನೋವಾಗದಿರಲೆಂದು ಮಡದಿಯ ಹೊಸ ಕರವಸ್ತ್ರದಲ್ಲಿ ಸುತ್ತಿ, ಅವರು ಕಲ್ಮಲದ ಒಂದು ಶೆಡ್ಡಿಗೆ ಬಂದರು. ಕೆಲಸ ಮುಗಿದು ನಿಂತಿದ್ದ ಬೇರೆಯವರ ಕಾರಿಗೆ ವೈದ್ಯರಂತೆ ಅದನ್ನು ಇಟ್ಟು ನೋಡತೊಡಗಿದರು. ಬಾಗಿಲು ಹಿಡಿಯಿತು. ಬಾನೆಟ್ ಹಿಡಿಯಿತು. ಮುಂದಿನ ಬಂಪರಿಗೆ ಇಟ್ಟರೆ ಜಾರಿ ಪಾದದ ಮೇಲೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಎಡ ತುದಿ, ಬಲ ತುದಿ, ನಂಬರ್ ಪ್ಲೇಟಿನ ಕೆಳಗೆ, ಎಲ್ಲಿಯೂ ಹಿಡಿಯಲಿಲ್ಲ. ಮಾಲೀಕರ ಮುಖ ಕಳ್ಳನ ಜಾಡು ಸಿಕ್ಕ ದಫೇದಾರನಂತೆ ಅರಳಿತು. ಇಡೀ ಬಂಪರನ್ನು ಪುಟ್ಟಿಯಲ್ಲೇ ಕಟ್ಟಿದ್ದಾರೆ, ತಗಡಿನ ಹೆಸರೇ ಇಲ್ಲ, ಇದು ಗಿರಾಕಿಗೆ ಬಗೆದ ದ್ರೋಹ ಎಂದು ಅವರು ನಿಂತ ನಿಲುವಿನಲ್ಲೇ ಕಾಲು ಗಂಟೆ ಮಾತಾಡಿದರು. ಚಹದಂಗಡಿಯವರು ಗ್ಲಾಸಿನ ಸಮೇತ ಎದ್ದು ಬಂದರು. ಹಿಂದಿನ ಬಂಪರಿಗೂ ಇಟ್ಟು ತೋರಿಸಲಾಯಿತು, ಅಲ್ಲಿಯೂ ಬಿತ್ತು. ಮೇಸ್ತ್ರಿ ಬೀಡಿ ಆರಿಸಿ, ಬಂಪರನ್ನು ಬೆರಳಿಂದ ಎರಡು ಸಲ ತಟ್ಟಿ, ತೀರಾ ಮೆಲ್ಲಗೆ ಹೇಳಿದ: “ಸರ, ಬಂಪರ್ ಪ್ಲಾಸ್ಟಿಕ್ ಅದರಿ.” ಹಿಂದೆ ನಿಂತಿದ್ದ ರುಮಾಲಿನ ಮುದುಕಪ್ಪ ಮುಂದೆ ಬಂದು, “ಸೀಟಿಗೂ ಹಚ್ಚಿ ನೋಡಪಾ, ಅಲ್ಲೂ ಪುಟ್ಟಿ ತುಂಬ್ಯಾರೇನೋ” ಎಂದ. ತಮ್ಮ ಪಕ್ಷ ಉಳಿಸಿಕೊಳ್ಳಲು ಮಾಲೀಕರು ತಮ್ಮದೇ ಕಾರಿನ ಬಾಗಿಲಿಗೆ ಅಯಸ್ಕಾಂತ ಇಟ್ಟರು. ಅದು ತಗಡೇ. ಆದರೂ ಅಯಸ್ಕಾಂತ ಬಿತ್ತು. ‘ಒಂದು ಗೀರಿಲ್ಲ, ಡಾಕ್ಟರರ ಗಾಡಿ’ ಎಂದು ಸೆಕೆಂಡ್ ಹ್ಯಾಂಡಿನಲ್ಲಿ ಮಾರಿದವನ ಮಾತು ಆ ಗಳಿಗೆಯಲ್ಲಿ ಪೂರ್ತಿ ಅರ್ಥವಾಯಿತು.

ಗಲಾಟೆಯಲ್ಲಿ ಗಮನಿಸದ ಒಂದು ಸಂಗತಿಯಿತ್ತು. ಗನ್ ಹಿಡಿದ ಹುಡುಗ ಮೂಗಿಗೆ ಕಟ್ಟಿಕೊಂಡಿದ್ದು ಒಂದು ದಸ್ತಿ, ಅಷ್ಟೇ. ಈಗಿನ ಪಿಯು (ಪಾಲಿಯುರಿಥೇನ್) ಬಣ್ಣಕ್ಕೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ; ಅದರ ಮಂಜು ವರ್ಷಗಟ್ಟಲೆ ಒಳಹೋದರೆ ಉಬ್ಬಸ ಹಿಡಿಯುತ್ತದೆ, ಬಟ್ಟೆ ಅದನ್ನು ತಡೆಯುವುದಿಲ್ಲ. ಹುಡುಗ ಕೆಮ್ಮುತ್ತಿದ್ದ. ಅಂಗಡಿ ಆರಿಸುವಾಗ ಹೊಳಪಿಗಿಂತ ಮೊದಲು ನೋಡಬೇಕಾದದ್ದು ಇದನ್ನು. ಫಿಲ್ಟರ್ ಇರುವ ಮಾಸ್ಕ್ ಗೋಡೆಗೆ ತೂಗಾಡುತ್ತಿದ್ದರೆ ಸಾಲದು, ಮುಖದ ಮೇಲಿರಬೇಕು.

ಪ್ರಕರಣದ ಕಾರಿಗೆ ಬಣ್ಣ ಅದೇ ಶೆಡ್ಡಿನಲ್ಲಿ ಆಯಿತು. ಬೇರೆ ಕಡೆ ಹೋಗಲು ಮಾಲೀಕರಿಗೆ ಮುಖವಿರಲಿಲ್ಲ. ಬಾಗಿಲಿನ ಹಳೆಯ ಪುಟ್ಟಿ ಕೆತ್ತಿ, ತಗಡು ಬಡಿದು, ನೀರು ಹಾಕಿ ಪೇಪರ್ ತಿಕ್ಕಿ ಮಾಡಿದ ಕೆಲಸ, ‘ನಾಳೆ’ ಎಂದದ್ದು ಹದಿನೇಳು ದಿನಕ್ಕೆ ಮುಗಿಯಿತು. ಹೊಸ ಬಣ್ಣಕ್ಕೆ ಒಂದು ತಿಂಗಳು ವ್ಯಾಕ್ಸ್ ಹಚ್ಚಬಾರದು, ಬಳ್ಳಾರಿ ಜಾಲಿಯ ಪಕ್ಕದಲ್ಲಿ ನಿಲ್ಲಿಸಬಾರದು.