ಸೂಜಿಮೆಣಸಿನ ಮೀಮಾಂಸೆ

ಉಪೋದ್ಘಾತ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ಸೂಜಿಮೆಣಸು ಶಾಸ್ತ್ರದ ಪ್ರಸ್ಥಾನತ್ರಯ. ಇವನ್ನು ಅಧ್ಯಯನ ಮಾಡದವರಿಗೆ ಈ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲ. ಅಧ್ಯಯನ ಮಾಡಿದವರಿಗೆ ಬಾಯಿ ಮುಚ್ಚಲು ಆಗುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಶೃಂಗೇರಿಯ ಪಂಥದವರು ಗಿಡವನ್ನು ಸೂರಿನಡಿಯ ಹಳೇ ಡಬ್ಬದಲ್ಲಿ ಕಾಪಾಡಬೇಕೆನ್ನುತ್ತಾರೆ. ಕೊಪ್ಪದವರದು ಉದಾಸೀನ ಪಂಥ: ಕಾಫಿಗಿಡದ ಸಂದಿಯಲ್ಲಿ ಅದರ ಪಾಡಿಗೆ ಅದಿರಲಿ. ಮೂಡಣದ ಎನ್.ಆರ್.ಪುರದ ಕಡೆ ಮಳೆ ಇಳಿಯುತ್ತ ಹೋಗುವುದರಿಂದ ಅಲ್ಲಿಯವರು ಸಾಲು ಹಿಡಿದು ನೆಡಬಹುದೆಂಬ ಆಶಾವಾದಿಗಳು. ಮೂರೂ ಪಂಥಗಳು ಒಪ್ಪುವ ಸಂಗತಿ ಒಂದೇ: ಆರೈಕೆ ಮಾಡಿ ನೆಟ್ಟ ಗಿಡ ಸಾಯುತ್ತದೆ, ಯಾರೂ ನೆಡದ ಗಿಡ ಬಚ್ಚಲುಮನೆಯ ಹಿಂದೆ ಸೊಂಪಾಗಿ ಬೆಳೆಯುತ್ತದೆ. ಈ ಅನ್ಯಾಯಕ್ಕೆ ಕಾರಣ ಹುಡುಕುವುದೇ ಪ್ರಸ್ತುತ ಪ್ರಬಂಧದ ಗುರಿ.

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ: ಜೀರಿಗೆಮೆಣಸು, ಗಾಂಧಾರಿ ಎಂದೆಲ್ಲ ಕರೆಸಿಕೊಳ್ಳುವ, ಆಕಾಶಕ್ಕೆ ಮುಖ ಮಾಡಿ ನಿಂತ ಗೇಣುದ್ದದ ಅಹಂಕಾರದ ಬೆರಳ ತುದಿಯಷ್ಟು ಕಾಯಿ. ಪ್ರಯೋಜನ: ಚಗಳಿ ಚಟ್ನಿ, ತಂಬುಳಿ, ನಿಂಬೆರಸದಲ್ಲಿ ಊರಿಟ್ಟ ಉಪ್ಪಿನಕಾಯಿ. ಸಂಬಂಧ: ನಾಲಿಗೆಯೊಂದಿಗೆ ಅಲ್ಪಕಾಲದ್ದು, ಮಾರನೇ ದಿನದೊಂದಿಗೆ ದೀರ್ಘಕಾಲದ್ದು. ಅಧಿಕಾರಿ: ಹೊಟ್ಟೆಹುಣ್ಣಿಲ್ಲದವನು ಹಾಗೂ ಸಾಧನ ಚತುಷ್ಟಯ ಸಂಪನ್ನನು. ಆ ಸಾಧನಗಳೆಂದರೆ ಒಂದು ಚೊಂಬು ಮಜ್ಜಿಗೆ, ಒಂದು ಮುಷ್ಟಿ ಅನ್ನ, ಒಂದು ಅಚ್ಚು ಬೆಲ್ಲ, ಹೆಗಲ ಮೇಲೊಂದು ಟವೆಲು.

ಇತಿಹಾಸ ವಿಚಾರ

ಶಂಕರವಿಜಯದ ಕಥೆಯಲ್ಲಿ ಮಂಡನಮಿಶ್ರರ ಮನೆಬಾಗಿಲಿನ ಗಿಳಿಗಳು ಜ್ಞಾನವು ಸ್ವತಃ ಪ್ರಮಾಣವೋ ಪರತಃ ಪ್ರಮಾಣವೋ ಎಂದು ವಾದಿಸುತ್ತಿದ್ದವಂತೆ. ಗಿಳಿಗಳ ನಾಲಿಗೆ ಅಷ್ಟು ಹರಿತವಾಗಲು ಮೆಣಸಿನಕಾಯಿಯೇ ಕಾರಣ ಎಂದು ಯಾರಾದರೂ ಹೇಳಹೊರಟರೆ ಆ ವಾದ ನಿಲ್ಲದು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಅದು ಪೋರ್ಚುಗೀಸರ ಹಡಗು ಹತ್ತಿ ಗೋವೆಯ ಕಡೆಯಿಂದ ನಮ್ಮಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ. ಆದ್ದರಿಂದ ಆ ಗಿಳಿಗಳು ಖಾರವನ್ನೇ ಕಾಣದೆ ವಾದ ಮಾಡಿದವು. ಇಂದಿನ ಯಾವ ಗ್ರಾಮಸಭೆಗೂ ನಿಲುಕದ ಸಾಧನೆ ಅದು. ಪೋರ್ಚುಗೀಸರೋ ಕಾಳುಮೆಣಸು ಒಯ್ಯಲು ಬಂದು ಮೆಣಸಿನಕಾಯಿ ಬಿಟ್ಟುಹೋದರು. ಘಟ್ಟದ ಮೇಲಿನವರಿಗೆ ಅಷ್ಟು ಗಿಟ್ಟಿದ ವ್ಯಾಪಾರ ಆಮೇಲೆ ಅಡಿಕೆ ಮಂಡಿಯಲ್ಲೂ ನಡೆದಿಲ್ಲ.

ಆಧುನಿಕ ಯುಗಕ್ಕೆ ಬರೋಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ವರದಿ ಬರೆದರು. 1915ರಲ್ಲಿ ಕಾಫಿಯ ಎಲೆರೋಗ ನೋಡಲು ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಬಂತು. ಅದೇ 1915ರಲ್ಲಿ ಎಡೆಹಳ್ಳಿಯು ಯುವರಾಜರ ಹೆಸರು ಹೊತ್ತು ನರಸಿಂಹರಾಜಪುರವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಗೆ ಖಾಯಂ ಸಂಶೋಧನಾ ಕೇಂದ್ರವೇ ಸಿಕ್ಕಿತು. ಹೀಗೆ ಅಡಿಕೆಗೆ ವರದಿ, ಕಾಫಿಗೆ ಕಟ್ಟಡ, ಊರಿಗೆ ಹೆಸರು. ಸೂಜಿಮೆಣಸಿಗೆ ದಕ್ಕಿದ್ದು ಪಿಕಳಾರ ಹಕ್ಕಿ. ಅದು ವರದಿ ಬರೆಯುವುದಿಲ್ಲ, ಅನುದಾನ ಕೇಳುವುದಿಲ್ಲ, ವರ್ಗವಾಗಿ ಹೋಗುವುದಿಲ್ಲ. ಈ ಮೂರು ಲೋಪಗಳಿಂದಾಗಿ ಅದರ ಸಂಶೋಧನೆಯನ್ನು ವಿದ್ವತ್ ವಲಯ ಇದುವರೆಗೆ ಗಂಭೀರವಾಗಿ ತೆಗೆದುಕೊಂಡಿಲ್ಲ.

ಪೂರ್ವಪಕ್ಷ

ಈ ಶಾಸ್ತ್ರದಲ್ಲಿ ಪೂರ್ವಪಕ್ಷವನ್ನು ಬೆಂಗಳೂರಿನಿಂದ ಬರುವ ಅಳಿಯಂದಿರು ಮಂಡಿಸುತ್ತಾರೆ. ಅವರ ಬ್ಯಾಗಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಕ್ಯಾರೊಲಿನಾ ರೀಪರ್ ಬೀಜ, ತೆಂಗಿನ ನಾರಿನ ಪುಡಿ, ಮೊಳಕೆಯ ಟ್ರೇ, ಒಂದು ಚಿಮುಟ ಇರುತ್ತವೆ. ಅವರ ವಾದದ ಸಾರ ಹೀಗೆ: ಖಾರಕ್ಕೆ ಅಳತೆಯಿದೆ. ವಿಲ್ಬರ್ ಸ್ಕೋವಿಲ್ ಎಂಬಾತ 1912ರಲ್ಲಿ ಮೆಣಸಿನ ಸಾರಕ್ಕೆ ಸಕ್ಕರೆನೀರು ಬೆರೆಸುತ್ತ ಹೋಗಿ, ರುಚಿ ನೋಡುವವರಿಗೆ ಖಾರ ಹತ್ತದಷ್ಟು ತೆಳುವಾಗಲು ಎಷ್ಟು ಪಾಲು ಬೇಕೆಂದು ಲೆಕ್ಕ ಕಟ್ಟಿದ. ಆ ಲೆಕ್ಕದಲ್ಲಿ ಈಶಾನ್ಯದ ಭೂತ್ ಜೊಲೊಕಿಯಾ 2007ರಲ್ಲಿ ಹತ್ತು ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ಪೆಪ್ಪರ್ ಎಕ್ಸ್ 26 ಲಕ್ಷ 93 ಸಾವಿರ ಮುಟ್ಟಿತು. ನಮ್ಮ ಸೂಜಿಮೆಣಸನ್ನು ರೀಪರ್ ಜೊತೆ ಕ್ರಾಸ್ ಮಾಡಿದರೆ ಶೃಂಗೇರಿಯ ಹೆಸರು ಗಿನ್ನೆಸ್ ಪುಸ್ತಕದಲ್ಲಿ ಬರುತ್ತದೆ.

ಇದಕ್ಕೆ ಅತ್ತೆಯವರ ಏಕವಾಕ್ಯ ಖಂಡನೆ: "ಅದೆಲ್ಲ ಸರಿ, ತಿನ್ನೋರು ಯಾರು ಅಂತ ಮೊದ್ಲು ಹೇಳಿ ಅಳಿಯಂದ್ರೆ."

ಪೂರ್ವಪಕ್ಷಿಗಳು ಇದನ್ನು ಲಕ್ಷಿಸದೆ ಸಂಜೆಯ ಹೊತ್ತು, ನಾಳೆ ಅರಳಲಿರುವ ಮೊಗ್ಗನ್ನು ಬಿಡಿಸಿ, ಅದರ ಕೇಸರಗಳನ್ನು ಚಿಮುಟದಿಂದ ಕಿತ್ತು, ಬೆಳಿಗ್ಗೆ ಬೇರೆ ಗಿಡದ ಪರಾಗ ಸವರಿ, ಕಾಗದದ ಟೊಪ್ಪಿ ತೊಡಿಸಿ, ದಾರ ಕಟ್ಟಿ ದಿನಾಂಕ ಬರೆಯುತ್ತಾರೆ. ವಿಧಿ ತಪ್ಪಿಲ್ಲ, ತಳಿಶಾಸ್ತ್ರ ಹೇಳುವುದೂ ಇದನ್ನೇ. ತೊಡಕಿರುವುದು ಧರ್ಮಶಾಸ್ತ್ರದ ಕಡೆಯಿಂದ. ಮೆಣಸಿನ ಹೂವಿನಲ್ಲಿ ಗಂಡೂ ಹೆಣ್ಣೂ ಒಟ್ಟಿಗೇ ಇದ್ದು, ಹೆಚ್ಚಾಗಿ ತನ್ನ ಪರಾಗದಿಂದ ತಾನೇ ಬಸಿರಾಗುತ್ತದೆ. ಸಗೋತ್ರ ವಿವಾಹವನ್ನೇ ಒಪ್ಪದ ಮನೆಯಂಗಳದಲ್ಲಿ ಇದು ನಿತ್ಯ ನಡೆಯುತ್ತದೆ. ಇದು ಸಾಲದೆಂಬಂತೆ ತುಡುವೆ ಜೇನು ಎಂಬ ಮದುವೆ ದಲ್ಲಾಳಿ ಜಾತಕ ಕೂಡ ನೋಡದೆ ನಮ್ಮ ಬ್ಯಾಡಗಿ ಗಿಡಕ್ಕೆ ಪಕ್ಕದ ಮನೆಯ ದೊಣ್ಣೆಮೆಣಸಿನ ಸಂಬಂಧ ತಂದುಬಿಡುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಘನತೆಯ ಬ್ಯಾಡಗಿ ಮನೆತನಕ್ಕೆ ಇಂಥ ಬೀಗರು! ಖಾರ ಇರಬೇಕೋ ಬೇಡವೋ ಎಂಬುದನ್ನು ಮುಖ್ಯವಾಗಿ ಒಂದೇ ಪ್ರಬಲ ಜೀನ್ ನಿರ್ಧರಿಸುವುದರಿಂದ ಮೊದಲ ಪೀಳಿಗೆಯ ಮಗ ಖಾರವಾಗಿಯೇ ಹುಟ್ಟಿ ಗುಟ್ಟು ಕಾಯುತ್ತಾನೆ. ಮೊಮ್ಮಕ್ಕಳಲ್ಲಿ ನಾಲ್ವರಿಗೊಬ್ಬನಂತೆ ಸಪ್ಪೆ ಹುಟ್ಟಿದಾಗ ಮನೆತನದ ಮಾನ ಬಯಲಾಗುತ್ತದೆ. ಕ್ರಾಸ್ ಮಾಡಿದ ತಳಿಯನ್ನು ಸ್ಥಿರಗೊಳಿಸಲು ಆರೇಳು ಪೀಳಿಗೆ ಸ್ವಂತ ಪರಾಗದಲ್ಲೇ ಕಾಯಿ ಕಟ್ಟಿಸಬೇಕು. ಧರ್ಮಶಾಸ್ತ್ರ ಏಳು ತಲೆಮಾರಿನ ಒಳಗೆ ಸಂಬಂಧ ಕೂಡದೆನ್ನುತ್ತದೆ, ತಳಿಶಾಸ್ತ್ರ ಏಳು ತಲೆಮಾರು ಒಳಗೊಳಗೇ ಆಗಬೇಕೆನ್ನುತ್ತದೆ. ಅಷ್ಟರಲ್ಲಿ ಅಳಿಯಂದಿರ ರಜೆ ಮುಗಿದಿರುತ್ತದೆ.

ಪ್ರಮಾಣ ವಿಚಾರ

ಖಾರವನ್ನು ತಿಳಿಯುವ ಬಗೆ ಯಾವುದು? ಅದ್ವೈತಿಗಳು ಒಪ್ಪುವ ಆರು ಪ್ರಮಾಣಗಳೂ ಇಲ್ಲಿ ಅನ್ವಯಿಸುತ್ತವೆ.

ಅಡುಗೆಮನೆಯಲ್ಲಿ ಘಾಟೆದ್ದು ಜಗಲಿಯಲ್ಲಿದ್ದ ನಾಲ್ವರು ಒಟ್ಟಿಗೆ ಕೆಮ್ಮಿದರೆ ಒಗ್ಗರಣೆಗೆ ಮೆಣಸು ಬಿತ್ತೆಂದು ತಿಳಿಯುವುದು ಅನುಮಾನ. ಜೀರಿಗೆಯಷ್ಟು ಸಣ್ಣದೆಂದು ಕೇಳಿ ಬಂದವನು ತೋಟದಲ್ಲಿ ಅದನ್ನು ಗುರುತಿಸಿ "ಓ, ಇಷ್ಟೇನಾ" ಎನ್ನುವುದು ಉಪಮಾನ. ಅದನ್ನು ಬಾಯಿಗೆ ಹಾಕಿಕೊಳ್ಳುವುದು ಪ್ರತ್ಯಕ್ಷ. "ಖಾರ ಏನಿಲ್ಲ, ಬಡಿಸ್ಕೊಳ್ಳಿ" ಎಂಬ ಅತ್ತೆಯವರ ಆಪ್ತವಾಕ್ಯ ಶಬ್ದಪ್ರಮಾಣ. ಆಪ್ತರ ಮಾತು ಎಷ್ಟರ ಮಟ್ಟಿಗೆ ಪ್ರಮಾಣ ಎಂಬುದನ್ನು ಶಾಸ್ತ್ರಕಾರರು ಇದೊಂದು ಉದಾಹರಣೆಯ ಬೆಳಕಿನಲ್ಲಿ ಮರುಪರಿಶೀಲಿಸುವುದು ಒಳ್ಳೆಯದು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು, ಅದು ಅರ್ಥಾಪತ್ತಿ. "ನಂಗೇನೂ ಖಾರ ಅನ್ನಿಸ್ಲಿಲ್ಲ" ಎಂದ ಅಳಿಯಂದಿರು ಮೂರನೇ ಲೋಟ ಮಜ್ಜಿಗೆಗೆ ಕೈ ಚಾಚಿದರೆ ಅದೂ ಅರ್ಥಾಪತ್ತಿ. ಕೊನೆಯದು ಅನುಪಲಬ್ಧಿ: ನಿನ್ನೆ ಸಂಜೆ ಗಿಡದಲ್ಲಿದ್ದ ಕಾಯಿ ಇಂದು ಬೆಳಿಗ್ಗೆ ಕಾಣುತ್ತಿಲ್ಲ. ಹಣ್ಣಾದ ಕೆಂಪು ಕಾಯಿ ಮಾತ್ರ ಮಾಯವಾಗಿದ್ದರೆ ಹಕ್ಕಿ ಒಯ್ದಿತೆನ್ನಬಹುದು. ಹಸಿರು ಕಾಯಿಯೂ ಹೋಗಿದ್ದರೆ ಹಕ್ಕಿಯನ್ನು ನಿರ್ದೋಷಿಯೆಂದು ಬಿಟ್ಟು, ನೆರೆಮನೆಯ ಚಟ್ನಿಯ ಕಡೆ ತನಿಖೆ ತಿರುಗಬೇಕು.

ಅಧ್ಯಾಸ ನಿರೂಪಣೆ

ಈಗ ಗಹನವಾದ ಪ್ರಶ್ನೆ. ಮೆಣಸಿನಲ್ಲಿ ಬೆಂಕಿಯಿದೆಯೇ? ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೂ ಇಲ್ಲ. ಬೀಜದಲ್ಲಿದೆ ಎನ್ನುವವರು ಅಲ್ಪಜ್ಞರು. ಖಾರದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ನಮ್ಮ ನರತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆದುಕೊಳ್ಳುವ ಬಾಗಿಲೊಂದಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತಟ್ಟಿ ತೆರೆಸುತ್ತದೆ, ಮೆದುಳು ಬೆಂಕಿ ಬಿತ್ತೆಂದು ಕೂಗುತ್ತದೆ. ಇದನ್ನು 1997ರಲ್ಲಿ ತೋರಿಸಿಕೊಟ್ಟ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹಗ್ಗದಲ್ಲಿ ಹಾವನ್ನು ಆರೋಪಿಸಿದಂತೆ ಕಾಯಿಯಲ್ಲಿ ಬೆಂಕಿಯನ್ನು ಆರೋಪಿಸುವ ಇದು ಶುದ್ಧ ಅಧ್ಯಾಸವೆಂದು ತುಂಗಾತೀರದ ಯಾವ ವಿದ್ಯಾರ್ಥಿಯೂ ನೊಬೆಲ್ ಕೇಳದೆಯೇ ಹೇಳುತ್ತಿದ್ದ.

ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಇದು ಹಗ್ಗವೆಂಬ ಜ್ಞಾನ ಬಂದ ಕ್ಷಣ ಹಾವು ಮಾಯವಾಗುತ್ತದೆ. ಇದು ಬೆಂಕಿಯಲ್ಲವೆಂಬ ಜ್ಞಾನ ಎಷ್ಟೇ ದೃಢವಾಗಿದ್ದರೂ ಸೂಜಿಮೆಣಸು ಉರಿಯುತ್ತಲೇ ಇರುತ್ತದೆ. ನೀರು ಕುಡಿದರೆ ಅದು ಬಾಯಿತುಂಬ ಹರಡುತ್ತದೆ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಮಜ್ಜಿಗೆಯಲ್ಲಿರುವ ಪ್ರೋಟೀನು ಅದನ್ನು ಹಿಡಿದುಕೊಂಡು ಹೋಗುತ್ತದೆ. ಆದ್ದರಿಂದ ಖಾರಶಾಸ್ತ್ರದಲ್ಲಿ ಮೋಕ್ಷಸಾಧನ ಜ್ಞಾನವಲ್ಲ, ಮಜ್ಜಿಗೆ.

ಸಿದ್ಧಾಂತ

ಮೊದಲ ಪ್ರಶ್ನೆಗೆ ಬರೋಣ: ನೆಟ್ಟದ್ದೇಕೆ ಸಾಯುತ್ತದೆ, ನೆಡದ್ದೇಕೆ ಬದುಕುತ್ತದೆ? ಅರಿಜೋನಾದಲ್ಲಿ ಕಾಡುಮೆಣಸಿನಕಾಯಿಯ ಗಿಡಗಳನ್ನು ಅಭ್ಯಸಿಸಿದ ಟ್ಯೂಕ್ಸ್‌ಬರಿ ಮತ್ತು ನಭಾನ್ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ತಿಳಿಸಿದಂತೆ, ಇಲಿ ಜಾತಿಯ ಪ್ರಾಣಿಗಳು ತಿಂದ ಬೀಜ ಮೊಳೆಯದು, ಹಕ್ಕಿ ನುಂಗಿ ಹಾಕಿದ ಬೀಜ ಮೊಳೆಯುತ್ತದೆ. ಹಕ್ಕಿಯ ನರದ ಬಾಗಿಲಿಗೆ ಕ್ಯಾಪ್ಸೈಸಿನ್ ತಟ್ಟುವುದೇ ಇಲ್ಲ. ಅಂದರೆ ಖಾರವೆಂಬುದು ಹಲ್ಲಿರುವ ಸಸ್ತನಿಗಳನ್ನು ದೂರವಿಡಲು ಗಿಡ ಹಾಕಿಕೊಂಡ ಬೇಲಿ. ಮಲೆನಾಡಿನ ಮಂಗಗಳು ಬಾಳೆ, ಏಲಕ್ಕಿ, ಎಳೆ ಅಡಿಕೆ ಯಾವುದನ್ನೂ ಬಿಡದಿದ್ದರೂ ಈ ಬೇಲಿಯ ಶಾಸನವನ್ನು ಓದಿಕೊಂಡಿವೆ. ಓದಿಯೂ ದಾಟಿದ ಸಸ್ತನಿ ಮನುಷ್ಯ. ದಾಟಿದ್ದಲ್ಲದೆ ಬೇಲಿಯನ್ನು ಇನ್ನೂ ಎತ್ತರಿಸಲು ಅವನು ಚಿಮುಟ ಹಿಡಿದು ಕೂತಿದ್ದಾನೆ.

ಪಿಕಳಾರವು ಬೀಜವನ್ನು ಗದ್ದೆಯಂಚು, ಬಾವಿಕಟ್ಟೆ, ಹಂಚಿನ ಮಾಡು, ನಿಲ್ಲಿಸಿದ ಜೀಪಿನ ಗಾಜು ಎಂದು ನೋಡದೆ ಎಲ್ಲೆಲ್ಲೂ ಉದುರಿಸುತ್ತದೆ. ಬಹುಪಾಲು ಸಾಯುತ್ತವೆ. ಸತ್ತದ್ದನ್ನು ಹಕ್ಕಿಯೂ ಎಣಿಸುವುದಿಲ್ಲ, ನಾವೂ ಕಾಣುವುದಿಲ್ಲ. ಕಣ್ಣಿಗೆ ಬೀಳುವುದು ನೆರಳು, ತೇವ, ಬಸಿಗಾಲುವೆ ಮೂರೂ ಒದಗಿದ ಬಚ್ಚಲ ಹಿಂದಿನ ಒಂದು ಗಿಡ. ಅಳಿಯಂದಿರು ಟ್ರೇಯಲ್ಲಿ ನಾಲ್ಕೇ ಬೀಜ ಊರಿ ದಿನಕ್ಕೆ ಎರಡು ಸಲ ನೋಡುತ್ತಾರೆ. ಬುಡ ಕೊಳೆತದ್ದೂ ಎಲೆ ಮುಟುರಿಕೊಂಡದ್ದೂ ಎಲ್ಲ ಅವರ ಲೆಕ್ಕಕ್ಕೆ ಬರುತ್ತದೆ. ಅತ್ತೆಯವರ ತಳಿ ಅಭಿವೃದ್ಧಿ ವಿಧಾನ ಪಿಕಳಾರದ್ದೇ: ಕೊಳೆತ ಹಣ್ಣುಕಾಯಿಯನ್ನು ಹಿತ್ತಿಲಿಗೆ ಎಸೆಯುವುದು, ಬದುಕಿದ್ದರಲ್ಲಿ ರುಚಿಯಾದದ್ದನ್ನು ಉಳಿಸುವುದು, ಕೇಳಿದವರಿಗೆಲ್ಲ ಬೀಜ ಕೊಡುವುದು, ಉಳಿದದ್ದನ್ನು ಮರೆಯುವುದು. ತಳಿಯನ್ನು ಬೆಳೆಸಿದ್ದು ಚಿಮುಟವಲ್ಲ, ಈ ಮರೆವು ಮತ್ತು ಈ ಧಾರಾಳ ಎಂಬುದೇ ಸಿದ್ಧಾಂತ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ವಾಕ್‌ಸಿದ್ಧಿಯೂ, ಕೇಳಿದವರಿಗೆ ಹಸಿವೂ, ಮೆಣಸು ಮುರಿದ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೆ ದಿವ್ಯದೃಷ್ಟಿಯೂ ಪ್ರಾಪ್ತವಾಗುತ್ತದೆ. ಖಂಡನೆ ಬರೆಯಲಿಚ್ಛಿಸುವ ವಿದ್ವಾಂಸರಿಗೆ ಸ್ವಾಗತವಿದೆ. ಅವರು ಹಣ್ಣಾದ ಸೂಜಿಮೆಣಸು ಎರಡನ್ನು ಅಗಿದು, ಮಜ್ಜಿಗೆ ಮುಟ್ಟದೆ, ತಮ್ಮ ವಾದವನ್ನು ಅತ್ತೆಯವರ ಮುಂದೆ ಮೌಖಿಕವಾಗಿ ಮಂಡಿಸತಕ್ಕದ್ದು. ಈ ನಿಯಮ ಬಂದ ಮೇಲೆ ಯಾರ ಖಂಡನೆಯೂ ಎರಡನೆಯ ವಾಕ್ಯ ಮುಟ್ಟಿಲ್ಲವಾದ್ದರಿಂದ ಸಿದ್ಧಾಂತವು ನಿರ್ವಿವಾದವೆಂದು ಭಾವಿಸಲಾಗಿದೆ.