ಪೇಟಾಮೀಮಾಂಸೆ: ದೇವದುರ್ಗದ ಒಣ ಮೆಣಸಿನಕಾಯಿಯ ಮುಕ್ತಿಮಾರ್ಗ ವಿಚಾರ

ಶಾಸ್ತ್ರಗ್ರಂಥ ಆರಂಭಿಸುವವನು ಅದಕ್ಕೆ ಅಧಿಕಾರಿ ಯಾರೆಂದು ಮೊದಲೇ ಹೇಳಬೇಕಂತೆ. ಈ ಗ್ರಂಥಕ್ಕೆ ಅಧಿಕಾರಿಗಳು ಮೂವರು: ದೇವದುರ್ಗದ ಕಣದಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತವನು, ಮಾನ್ವಿಯಲ್ಲಿ ಸೋನಾ ಮಸೂರಿ ನೆಲ್ಲನ್ನು ಅಕ್ಕಿ ಮಾಡಿಸಿಟ್ಟವನು, ರಾಯಚೂರಿನ ಸ್ವಸಹಾಯ ಸಂಘದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡುವ ಅಕ್ಕ. ಮೂವರ ಹತ್ತಿರವೂ ಮಾಲಿದೆ, ಮೊಬೈಲಿದೆ. ಮೂವರಿಗೂ ಬೆಂಗಳೂರಿನಲ್ಲಿ ಒಬ್ಬ ಅಳಿಯನೋ ತಮ್ಮನೋ ಇದ್ದು, ಹಬ್ಬಕ್ಕೆ ಬಂದಾಗ "ಆನ್‌ಲೈನ್‌ನ್ಯಾಗ ಹಾಕ್ರಿ" ಎಂದು ಉಪದೇಶ ಮಾಡಿ ಹೋಗಿದ್ದಾನೆ. ಯಾವ ಆನ್‌ಲೈನ್ ಎಂದು ಹೇಳಿಲ್ಲ. ಉಪದೇಶಕರು ಅಷ್ಟು ಕೆಳಗೆ ಇಳಿಯುವುದಿಲ್ಲ.

ಈ ವಿಚಾರಕ್ಕೆ ನಮ್ಮ ಜಿಲ್ಲೆಗಿಂತ ಯೋಗ್ಯ ನೆಲ ಇನ್ನೊಂದಿಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇಲ್ಲಿಯವೇ. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ತಾರತಮ್ಯಕ್ಕೇ ಸಂಧಿ ಮೀಸಲಿದೆ. ದೇವತೆಗಳನ್ನೇ ಕಕ್ಷೆ ಕಕ್ಷೆಯಾಗಿ ಜೋಡಿಸಿಕೊಟ್ಟ ಊರಿನವರಿಗೆ ನಾಲ್ಕು ಆ್ಯಪ್‌ಗಳಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳುವುದು ಕಷ್ಟವಾಗಬಾರದಿತ್ತು. ಆಗಿದೆ.

ಮೊದಲು ದರ್ಶನಗಳು. ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಕಟ್ಟಾ ದ್ವೈತ. ಅಲ್ಲಿ ಪೇಟೆ ಸ್ವತಂತ್ರ, ಮಾರುವವನು ಪರತಂತ್ರ. ಇಬ್ಬರ ಭೇದ ನಿತ್ಯ. ಈ ಭೇದಕ್ಕೆ ಕೇಂದ್ರ ಸರ್ಕಾರದ ಭಾಷ್ಯವೂ ಇದೆ. ವಿದೇಶಿ ಬಂಡವಾಳದ ಆನ್‌ಲೈನ್ ಪೇಟೆ ತನ್ನದೇ ಮಾಲು ಇಟ್ಟುಕೊಂಡು ಮಾರುವಂತಿಲ್ಲ, ಬೇರೆಯವರ ಮಾಲಿಗೆ ಜಾಗ ಕೊಡಬೇಕಷ್ಟೆ ಎಂಬ ನಿಯಮವನ್ನು 2018ರ ಡಿಸೆಂಬರಿನಲ್ಲಿ ಬಿಗಿ ಮಾಡಿ, 2019ರ ಫೆಬ್ರವರಿ 1ರಿಂದ ಜಾರಿಗೆ ತಂದರು. ಇದರಿಂದ ಜೀವರಿಗೆ ಸಿಕ್ಕ ಮುಕ್ತಿ ಎಷ್ಟು ಎಂಬುದು ಬೇರೊಂದು ಪ್ರಬಂಧದ ವಿಷಯ. ಅದನ್ನು ಬರೆಯುವ ಅವಸರ ನನಗಿಲ್ಲ.

ಮೀಶೋ ಶೂನ್ಯವಾದಿ. 2021ರಲ್ಲಿ ಮಾರುವವರಿಂದ ಕಮಿಷನ್ ಶೂನ್ಯ ಎಂದು ಸಾರಿತು. ವಾದದ ಪೆಟ್ಟಿಗೆ ದ್ವೈತಿಗಳ ಪೀಠವೂ ಅಲುಗಾಡಿತು: 2025ರ ಏಪ್ರಿಲ್‌ನಲ್ಲಿ ಅಮೆಜಾನ್ 300 ರೂಪಾಯಿ ಒಳಗಿನ ಬಹಳಷ್ಟು ಮಾಲಿಗೆ, ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ 1,000 ರೂಪಾಯಿ ಒಳಗಿನ ಮಾಲಿಗೆ ಕಮಿಷನ್ ಬಿಟ್ಟವು. ಆದರೆ ಬೌದ್ಧರೊಡನೆ ವಾದ ಮಾಡಿದವರಿಗೆಲ್ಲ ಗೊತ್ತಿರುವಂತೆ, ಶೂನ್ಯದ ಸುತ್ತಲೇ ಪ್ರಪಂಚ ಹಬ್ಬಿರುತ್ತದೆ. ಸಾಗಣೆ ಖರ್ಚು, ವಾಪಸ್ ಬಂದ ಪಾರ್ಸಲ್ಲಿನ ಖರ್ಚು, ಮೊದಲ ಪುಟದಲ್ಲಿ ಕಾಣಿಸಿಕೊಳ್ಳಬೇಕಾದರೆ ಜಾಹೀರಾತಿನ ಖರ್ಚು. ರಾಯಚೂರಿನ ರಾಜೇಂದ್ರ ಗಂಜ್‌ನ ಭಾಷೆಯಲ್ಲಾದರೆ ಒಂದೇ ಸೂತ್ರದಲ್ಲಿ ಮುಗಿಯುತ್ತದೆ: ದಲಾಲಿ ಇಲ್ಲ, ಹಮಾಲಿ ಅದ.

ಓಎನ್‌ಡಿಸಿ ಎಂಬ ಮುಕ್ತ ವ್ಯಾಪಾರ ಜಾಲ ಮಾತ್ರ ಶುದ್ಧ ಅದ್ವೈತ. 2021ರ ಡಿಸೆಂಬರ್ 31ರಂದು ಕಂಪನಿಯಾಗಿ ನೋಂದಣಿಯಾಯಿತು ಎಂಬುದೊಂದೇ ಅದರ ಸಗುಣ ಲಕ್ಷಣ. ಅದು ಅಂಗಡಿಯೇ? ಅಲ್ಲ. ಆ್ಯಪೇ? ಅದೂ ಅಲ್ಲ. ಕೊಳ್ಳುವವನು ಒಂದು ಆ್ಯಪಿನಲ್ಲಿರುತ್ತಾನೆ, ಮಾರುವವನು ಇನ್ನೊಂದರಲ್ಲಿ. ನಡುವಿನ ಜಾಲವೇ ಸತ್ಯ, ಉಳಿದದ್ದು ತೋರಿಕೆ. ನಿರ್ಗುಣೋಪಾಸನೆ ಎಲ್ಲರ ಪಾಲಿಗಲ್ಲ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆರ್ಡರ್ ಎಲ್ಲಿ ನಿಂತಿದೆ ಎಂದು ಕೇಳಲು ಆ ಅಕ್ಕ ಯಾರಿಗೆ ಫೋನ್ ಮಾಡಬೇಕು?

ಇನ್ನು ಪ್ರಮಾಣಗಳು. ಗಂಜ್‌ನ ಖರೀದಿದಾರ ಪ್ರತ್ಯಕ್ಷವಾದಿ. ಹತ್ತಿ ಚೀಲದೊಳಗೆ ಮೊಳಕೈತನಕ ಕೈ ತೂರಿಸಿ, ತಳದಿಂದ ಒಂದು ಹಿಡಿ ಎಳೆದು, ಎರಡು ಹೆಬ್ಬೆರಳ ನಡುವೆ ಎಳೆ ಹಿಡಿದು ಜಗ್ಗಿ, ಕಿವಿಯ ಹತ್ತಿರ ತಂದು ಅದು ಹರಿಯುವ ಸಪ್ಪಳ ಕೇಳಿ, ಮುಖ ಸಿಂಡರಿಸುತ್ತಾನೆ. ಹತ್ತಿ ಎಷ್ಟೇ ಚೊಲೊ ಇರಲಿ, ಮುಖ ಸಿಂಡರಿಸುವುದು ವಿಧಿ. ನೆಲ್ಲಾದರೆ ಅಂಗೈಯಲ್ಲಿ ತಿಕ್ಕಿ ಊದಿ ಹಲ್ಲಿಗೆ ಕೊಡುತ್ತಾನೆ. ಆನ್‌ಲೈನ್ ಗಿರಾಕಿಗೆ ಹಲ್ಲು ಉಪಯೋಗಕ್ಕಿಲ್ಲ. ಅವನದು ಫೋಟೋ ನೋಡಿ ಮಾಡಿದ ಅನುಮಾನ, ಮೇಲೆ ಯಾರೋ ಕೊಟ್ಟ ಐದು ನಕ್ಷತ್ರದ ಶಬ್ದಪ್ರಮಾಣ. ಆ ಯಾರೋ ಎಂಬ ಆಪ್ತ ಮೆಣಸಿನಕಾಯಿ ತಿಂದು ಬರೆದನೋ, ಡಬ್ಬಿ ನೋಡಿ ಬರೆದನೋ ಎಂಬ ಪ್ರಶ್ನೆಗೆ ನೈಯಾಯಿಕರಲ್ಲೂ ಉತ್ತರವಿಲ್ಲ.

ತೂಕದ ಅಧ್ಯಾಯವೇ ಈ ಶಾಸ್ತ್ರದ ಹೃದಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಕರೆಯುತ್ತಾರೆ. ನಿಜದ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಒಣ ಮೆಣಸಿನಕಾಯಿ ಎಂದರೆ ಅರ್ಧ ಸಿಪ್ಪೆ, ಅರ್ಧ ಗಾಳಿ. ತೊಟ್ಟು ಮುರಿಯದಂತೆ ಒಂದು ಕಿಲೋವನ್ನು 30, 30, 20 ಸೆಂಟಿಮೀಟರಿನ ಪೆಟ್ಟಿಗೆಗೆ ತುಂಬಿದರೆ ಅದು 3.6 ಕಿಲೋ ಆಗುತ್ತದೆ. ದೇವದುರ್ಗದ ಗಾಳಿ 2.6 ಕಿಲೋ ತೂಗಿ ಬೆಂಗಳೂರಿಗೆ ಹೋಗುತ್ತದೆ. ಇತ್ತ ಹತ್ತಿಯನ್ನು ಬೆಂಬಲ ಬೆಲೆಗೆ ಭಾರತೀಯ ಹತ್ತಿ ನಿಗಮಕ್ಕೆ ಕೊಡಲು ಹೋದರೆ ತೇವಾಂಶ ಶೇ 8 ದಾಟಿದ ಕೂಡಲೇ ಕಡಿತ ಶುರು, ಶೇ 12 ದಾಟಿದರೆ ಮಾಲು ವಾಪಸ್. ಹೀಗಾಗಿ ಪೇಟೆಗಳ ನಡುವಿನ ಮೂಲಭೂತ ವ್ಯತ್ಯಾಸವನ್ನು ಈ ಪ್ರಬಂಧ ಮೊದಲ ಬಾರಿಗೆ ಮಂಡಿಸುತ್ತಿದೆ: ಒಂದು ಪೇಟೆಯಲ್ಲಿ ಇರುವ ತೂಕ ಕಳೆಯುತ್ತಾರೆ, ಇನ್ನೊಂದರಲ್ಲಿ ಇಲ್ಲದ ತೂಕ ಕೂಡಿಸುತ್ತಾರೆ. ಎರಡೂ ಲೆಕ್ಕದಲ್ಲಿ ಕೊಡುವವನು ಒಬ್ಬನೇ.

ಅಕ್ಕಿಯವನಿಗೂ ಸಂಖ್ಯಾಶಾಸ್ತ್ರ ತಪ್ಪಿದ್ದಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಮಿಲ್ಲುಗಳು ಧ್ಯಾನಕ್ಕೆ ಕೂತು 26 ಕಿಲೋ ಚೀಲವನ್ನು ಸಾಕ್ಷಾತ್ಕರಿಸಿಕೊಂಡವು. ಆನ್‌ಲೈನ್‌ನಲ್ಲಿ 26 ಕಿಲೋ ಕಳಿಸಿದರೆ ಸಾಗಣೆ ಖರ್ಚು ತಿನ್ನುತ್ತದೆ, 5 ಕಿಲೋ ಕಳಿಸಿದರೆ ತೆರಿಗೆ ತಿನ್ನುತ್ತದೆ. ಉಳಿದ ಅಕ್ಕಿಯನ್ನು ಗಿರಾಕಿ ತಿನ್ನಬಹುದು.

ದೇಶವಿಚಾರ. ಆನ್‌ಲೈನ್‌ಗೆ ಗಡಿಯಿಲ್ಲ ಎಂಬುದು ಪೂರ್ವಪಕ್ಷ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ಆನ್‌ಲೈನ್‌ನಲ್ಲಿ ಮಾಲು ಮಾರಬಹುದು ಎಂದು 2023ರ ಅಕ್ಟೋಬರ್ 1ರಿಂದ ಬಾಗಿಲು ತೆರೆದರು, ಆದರೆ ರಾಜ್ಯದೊಳಗೆ ಮಾತ್ರ. ಅಂದರೆ ರೊಟ್ಟಿ ಅಕ್ಕನ ಹಿಂಡಿ ಡಬ್ಬಿ ಚಾಮರಾಜನಗರಕ್ಕೆ ಹೋಗಬಹುದು, ಕೃಷ್ಣಾ ದಾಟಿ ಮಕ್ತಲ್‌ಗೆ ಹೋಗುವಂತಿಲ್ಲ. ಮಡಿಕೇರಿಗೆ ಹೋಗಬಹುದು, ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯಕ್ಕೆ ಹೋಗುವಂತಿಲ್ಲ. ರಾಯರ ದರ್ಶನಕ್ಕೆ ಹೋಗುವ ಭಕ್ತರ ಬುತ್ತಿಯಲ್ಲಿ ಹಿಂಡಿ ಸಾಗಿಸುವ ಪುರಾತನ ಮಾರ್ಗಕ್ಕೆ ಮಾತ್ರ ಯಾವ ನಿರ್ಬಂಧವೂ ಇಲ್ಲ. ಮುಂಬಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ 1871ರಲ್ಲಿ ಬಂದು ಕೂಡಿದ್ದು ಇದೇ ರಾಯಚೂರಿನಲ್ಲಿ ಎಂಬುದನ್ನು ಇತಿಹಾಸಪ್ರಿಯರು ಇಲ್ಲಿ ನೆನೆದು ನಿಟ್ಟುಸಿರು ಬಿಡಬಹುದು.

ಹಾಗಾದರೆ ಸಿದ್ಧಾಂತವೇನು? ಆನ್‌ಲೈನ್ ಪೇಟೆ ಹೊಸದೆಂಬ ಭ್ರಮೆಯನ್ನು ಮೊದಲು ನೀಗಿಸಿಕೊಳ್ಳಬೇಕು. ರಾಜ್ಯದ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ಕಟ್ಟುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲೇ ಬಂದಿದೆ. ದೇಶದ ಇ-ನಾಮ್ ಹುಟ್ಟಿದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಗೇಟಿನಲ್ಲಿ ಲಾಟ್ ನಂಬರು, ವರ್ತಕರಿಂದ ಇ-ಟೆಂಡರು, ಯಾರು ಎಷ್ಟು ಹಾಕಿದರೆಂದು ಮತ್ತೊಬ್ಬರಿಗೆ ಕಾಣದು. ದನದ ಸಂತೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವ ಪದ್ಧತಿಗೆ ಕರೆಂಟ್ ಕೊಟ್ಟರೆ ಆಗುವುದು ಇದೇ. ಬಂದ ದರ ಒಪ್ಪಿಗೆಯಿಲ್ಲದಿದ್ದರೆ ಬೇಡ ಎನ್ನುವ ಹಕ್ಕೂ ರೈತನಿಗಿದೆ. ಇದರ ಮೇಲೆ 2025ರಲ್ಲಿ ಹತ್ತಿ ನಿಗಮದ ಕಪಾಸ್ ಕಿಸಾನ್ ಆ್ಯಪ್ ಬಂತು: ನೋಂದಣಿ ಮಾಡಿ, ಸ್ಲಾಟ್ ಹಿಡಿದು ಹೋದರೆ ಉದ್ದ ಎಳೆಯ ಹತ್ತಿಗೆ ಆ ಹಂಗಾಮಿನಲ್ಲಿ ಕ್ವಿಂಟಲಿಗೆ 8,110 ರೂಪಾಯಿ ಇತ್ತು. ಆಯ್ಕೆಗೆ ಕೊರತೆಯಿಲ್ಲ, ಹಕ್ಕಿಗೆ ಕೊರತೆಯಿಲ್ಲ.

ಆದರೂ ಚೀಲ ಹೋಗುವುದು ಹೋದ ವರ್ಷದ ಅಂಗಡಿಗೇ. ಕಾರಣ ಯಾವ ಕಮಿಷನ್ ಪಟ್ಟಿಯಲ್ಲೂ ಸಿಗದು. ಪೇಟೆಯ ಆಯ್ಕೆ ಸುಗ್ಗಿಯಲ್ಲಿ ಆಗುವುದೇ ಅಲ್ಲ. ಮುಂಗಾರಿಗೆ ಬೀಜ ಗೊಬ್ಬರಕ್ಕೆಂದು ಸಾಹುಕಾರರ ಗಾದಿಯ ಮುಂದೆ ಕೂತ ದಿನವೇ ಆಗಿ ಹೋಗಿರುತ್ತದೆ. ಮಾಲಿಗೆ ಎಷ್ಟು ಕೊಡುತ್ತೀರಿ ಎಂದರೆ ಎಲ್ಲ ಆ್ಯಪ್‌ಗಳೂ ಉತ್ತರಿಸುತ್ತವೆ. ಮಗಳ ಮದುವೆಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ, ಕನ್ನಡಕ್ಕಾಗಿ ಎರಡನ್ನು ಒತ್ತಿ ಎನ್ನುತ್ತವೆ. ಈ ಸಿದ್ಧಾಂತಕ್ಕೆ ಆಧಾರವಾಗಿ ಯಾವ ಅಡತಿ ಅಂಗಡಿಯಲ್ಲಾದರೂ ಕೇಳಬಹುದಾದ ಸಂವಾದವನ್ನು ಕೊಡುತ್ತಿದ್ದೇನೆ:

"ಏನಪಾ, ಬಂದಾಗಿಂದ ಮೊಬೈಲ್‌ನ್ಯಾಗ ಏನ್ ನೋಡಕತ್ತಿ?"

"ರೇಟ್ ನೋಡಕತ್ತೀನ್ರಿ ಸಾವ್ಕಾರ್ರ."

"ಎಷ್ಟದ?"

"ನಿಮ್ಮಕಿಂತ ಮುನ್ನೂರು ಜಾಸ್ತಿ ತೋರಸಕತ್ತದ್ರಿ."

"ಚೊಲೊ ಆತಲ್ಲಪಾ. ಅಲ್ಲೇ ಹಾಕು. ಹಂಗ ಹೋಗ್ಬೇಕಾದ್ರ ನಮ್ಮ ಲೆಕ್ಕ ಒಂದಿಷ್ಟು ಮುಗಸಿ ಹೋಗು."

"ನೋಡಿದ್ರ ಏನ್ ತಪ್ಪದ್ರಿ? ಚಾ ತರಸ್ರಿ ಮೊದ್ಲ."